ಬರೀ ಉಷ್ಣ

ವಿನುತಾಳ ರಜೆ ಗೆಳತಿಯರ ಗೋವಾ ಟ್ರಿಪ್ಪಿಗೆ, ಗಂಡನ ರಜೆ ಕ್ರಿಕೆಟ್ ಮ್ಯಾಚಿಗೆ ಮೀಸಲಾಗಿತ್ತು. ಹಾಗಾಗಿ ಬೆಳಿಗ್ಗೆ ಮಗಳ ಹಣೆ ಮುಟ್ಟಿದ ಇಬ್ಬರೂ ಅದು ಜ್ವರವೇ ಅಲ್ಲವೆಂದು ತೀರ್ಮಾನಿಸಿದರು. ಮದುವೆಯಾದ ಮೇಲೆ ಅವರಿಬ್ಬರ ನಡುವೆ ಇಂಥ ಒಗ್ಗಟ್ಟು ಕಂಡದ್ದು ಅದೇ ಮೊದಲು.

ಆದರೂ ಇರಲಿ ಎಂದು ವಿನುತಾ ತವರಿಗೆ ಫೋನ್ ಮಾಡಿ, "ಒಂದೆರಡು ದಿನ ಬಂದು ಹೋಗಮ್ಮ," ಎಂದು ಗೋಗರೆದಳು.

"ಬಸ್ ಸಿಕ್ಕಿದ್ರೆ ಸೀದಾ ಮಗು ಹತ್ರಾನೇ ಬರ್ತೀನಿ. ನಂಬ್ಕೊಂಡು ಕೂರಬೇಡ," ಎಂದರು ಆಕೆಯ ತಾಯಿ.

ಬೇಬಿ ಸಿಟ್ಟಿಂಗ್ ಆಂಟಿ ಬಾಗಿಲಲ್ಲೇ ಮಗುವಿನ ಕತ್ತು ಮುಟ್ಟಿ ನೋಡಿದರು.

"ಮೈ ಸುಡ್ತಿದೆಯಲ್ಲಮ್ಮ. ಮನೇಲೇ ಇಟ್ಕೋಬಾರದಿತ್ತಾ?"

"ಜ್ವರ ಅಲ್ಲ ಆಂಟಿ, ಬರೀ ಉಷ್ಣ. ನಿನ್ನೆ ಮಾವಿನಹಣ್ಣು ಜಾಸ್ತಿ ತಿಂದ್ಲು," ಎಂದವಳೇ ವಿನುತಾ, ಮರುಪ್ರಶ್ನೆ ಬರುವ ಮೊದಲೇ ಗೇಟು ದಾಟಿದಳು.

ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಆಂಟಿಯ ಫೋನ್ ಬಂತು.

"ಬೇಗ ಬಾರಮ್ಮ. ಇಲ್ಲಿ ಅಮ್ಮ ಬಂದಿದ್ದಾರೆ."

ವಿನುತಾಳಿಗೆ ಹೋದ ಜೀವ ಬಂದಂತಾಯಿತು.

"ಬಸ್ ಸಿಕ್ಕೇಬಿಡ್ತಾ! ಸದ್ಯ! ಇನ್ನು ನಾನ್ಯಾಕೆ ಬರ್ಲಿ ಆಂಟಿ, ಮಗೂನ ಅವರಿಗೇ ಒಪ್ಪಿಸಿಬಿಡಿ. ಬಂದಿದ್ದು ಬಂದಿದ್ದಾರೆ, ಒಂದು ವಾರ ಆರಾಮಾಗಿ ಇದ್ದು ಹೋಗಲಿ."

ಆಂಟಿ ದನಿ ತಗ್ಗಿಸಿದರು.

"ನೀನು ಹೇಳ್ದೆ ಅಂತ ಹೋಗೋರಲ್ಲ ಇವರು. ಮಗು ಮೈತುಂಬ ಗುಳ್ಳೆ ಎದ್ದಿದೆ. ಬರ್ತಾ ಬೇವಿನಸೊಪ್ಪು ತಗೊಂಡು ಬಾ."