ಭಾನುವಾರದ ಮುಖ

ಅವಳು ಕನ್ನಡಿಯ ಮುಂದೆ ನಿಂತು ಕೆನ್ನೆಗೆ ಮುಲಾಮು ಸವರಿಕೊಳ್ಳುತ್ತಿದ್ದಳು. ಗಂಡ ಬಾಗಿಲಲ್ಲೇ ನಿಂತು ನೋಡಿದ.

"ರೊಸೇಷಿಯಾ ಅಂತೆ! ಕಾಯಿಲೆ ಹೆಸರು ಮಾತ್ರ ಮಹಾರಾಣಿಯದು, ನೋಡಿದ್ರೆ ಕೆಂಪು ಮೂತಿ ಕೋತಿ. ಮುಲಾಮಿಗೆ ಬಗ್ಗದಿದ್ರೆ ಲೇಸರ್ ಮಾಡಿಸಿಬಿಡೋಣ."

"ಲೇಸರ್ ಬೇಡ ರೀ. ಇದರಲ್ಲೇ ನಿಧಾನವಾಗಿ ಇಳಿಯತ್ತೆ ಅಂದಿದಾರೆ ಡಾಕ್ಟರು."

"ಇನ್ನೆಷ್ಟು ನಿಧಾನ? ನಾಲ್ಕು ತಿಂಗಳಿಂದ ಭಾನುವಾರ ಬಂದ್ರೆ ಹೋಟೆಲ್ ಊಟ. ಈ ಮುಖ ಹೊತ್ಕೊಂಡು ನೀನು ಬಡಿಸೋಕೆ ನಿಂತ್ರೆ ನನ್ನ ಗೆಳೆಯರಿಗೆ ತುತ್ತು ಇಳಿಯತ್ತಾ?"

ಮೊದಲೆಲ್ಲ ಭಾನುವಾರ ಅವಳು ಎಂಟು ಜನಕ್ಕೆ ಬೇಯಿಸಿ, ಬಡಿಸಿ, ಅವರ ಪೋಲಿ ಜೋಕುಗಳಿಗೆ ನಗಬೇಕಿತ್ತು. ಈಗ ಕೋಣೆಯ ಬಾಗಿಲು ಹಾಕಿಕೊಂಡು ಹಾಯಾಗಿ ಮಲಗುತ್ತಾಳೆ.

ಗಂಡ ಹತ್ತಿರ ಬಂದು ಸಂತೆಯಲ್ಲಿ ಬದನೆಕಾಯಿ ನೋಡುವವನಂತೆ ಅವಳ ಮುಖವನ್ನು ಅತ್ತಿತ್ತ ತಿರುಗಿಸಿದ. "ಪರವಾಗಿಲ್ವೇ, ಇಳಿದಿದೆ! ಇವತ್ತು ಹೋಟೆಲಿಗೆ ಹೇಳಲ್ಲ. ಮಧ್ಯಾಹ್ನ ಎಲ್ಲ ಬರ್ತಾರೆ, ನೀನೇ ಬಡಿಸು."

"ಆಗಲಿ ರೀ."

ಅವನು ಶಿಳ್ಳೆ ಹಾಕುತ್ತ ಸ್ನಾನಕ್ಕೆ ಹೋದ. ಅವಳು ಮುಲಾಮನ್ನು ಸೋಪು ಹಚ್ಚಿ ತೊಳೆದುಕೊಂಡಳು. ಆಮೇಲೆ ಅಡುಗೆಮನೆಗೆ ಹೋಗಿ, ಡಾಕ್ಟರು ಮುಟ್ಟಲೇಬೇಡಿ ಎಂದಿದ್ದ ಹಸಿಮೆಣಸಿನಕಾಯಿಗಳಲ್ಲಿ ಖಾರವಾದ ಮೂರನ್ನು ಆರಿಸಿ, ಒಂದೊಂದಾಗಿ ಅಗಿದಳು.