ಏಣಿಯ ಮೇಲಿನ ಹುಡುಗಿ

ಐದಕ್ಕೆ ಎರಡೇ ನಕ್ಷತ್ರ! ನೀರಜಾ ಫೋನನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. ಎರಡೇ.

ಹಮಾಮತ್ಸುವಿನ ಕಾರು ಕಂಪನಿಯ ಕೆಲಸ ಮನೆಯಿಂದಲೇ ನಡೆಯುತ್ತಿದ್ದ ಕೊರೊನಾ ಕಾಲ. ಲ್ಯಾಪ್‌ಟಾಪಿನಲ್ಲಿ ಯಾರೋ ಬ್ರೇಕಿನ ವಿಷಯ ಕೊರೆಯುತ್ತಿದ್ದರು. ಯಾರಿಗೆ ಬೇಕಿತ್ತು ಬ್ರೇಕು? ಅವಳು ಎರಡು ವರ್ಷ ಕೂತು ಬರೆದ ಕಾದಂಬರಿ ಅದು. ಹಳೆಯ ಗ್ರಂಥಾಲಯ, ಪುಸ್ತಕದೊಳಗಿಂದ ಚೀಟಿ ಬರೆಯುವ ರಾಜಕುಮಾರ, ಅವನಿಗೆ ಮನಸೋತ ಗ್ರಂಥಪಾಲಕಿ. ಹಗುರಾದ, ಬೆಚ್ಚಗಿನ ಕಥೆ. ಯಾರ ತಲೆಯನ್ನೂ ತಿನ್ನದ ಕಥೆ. ಅದಕ್ಕೆ ಎರಡು!

ಜಪಾನಿನಲ್ಲಿ ಚದುರಿಹೋದ ನಾಲ್ಕಾರು ಕನ್ನಡಿಗರು ಕಟ್ಟಿಕೊಂಡ ಓದುಬಳಗ ಅವರದು. ಒಂದು ಪುಸ್ತಕ, ಊರಿಂದೂರಿಗೆ ಅಂಚೆ. ಬಂದ ಪುಸ್ತಕಕ್ಕೆ ಚಪ್ಪಲಿ ಗೂಡಿನ ಮೇಲೆ ಮೂರು ದಿನ ಕ್ವಾರಂಟೈನ್. ಓದಿದ ಮೇಲೆ ಮುಂಬದಿಯ ರಟ್ಟಿನ ಒಳಗೆ ಅಂಟಿಸಿದ ಹಾಳೆಯಲ್ಲಿ ಅಭಿಪ್ರಾಯ ಬರೆದು, ಅದರ ಫೋಟೊ ಗುಂಪಿಗೆ ಹಾಕಿ, ಮುಂದಿನವರಿಗೆ ಕಳಿಸಬೇಕು. ಪುಸ್ತಕ ಕೊಟ್ಟವರ ಕೈಗೆ ಅದು ಸೇರುವುದು ಎಲ್ಲರಿಗಿಂತ ಕೊನೆಗೆ. ಓದದೆ ಅಭಿಪ್ರಾಯ ಬರೆದವರು ಬಳಗದಿಂದ ಹೊರಗೆ. ಈ ಕೊನೆಯ ನಿಯಮ ನೀರಜಾ ತಾನೇ ಹಟ ಹಿಡಿದು ಸೇರಿಸಿದ್ದು.

ಅವಳ ಕಾದಂಬರಿ ಮೈಸೂರಿನಲ್ಲಿ ಅಚ್ಚಾಗಿತ್ತು. ಭಾರತದಿಂದ ಬರುವ ಅಂಚೆ ನಿಂತುಹೋಗಿತ್ತು. ಊರಿಂದ ವಾಪಸಾದ ಟೋಕಿಯೋದ ಪದ್ಮಾಳ ಸೂಟ್‌ಕೇಸಿನಲ್ಲಿ ಒಂದೇ ಒಂದು ಪ್ರತಿ ಬಂತು, ಅಲ್ಲಿಂದಲೇ ಸುತ್ತು ಶುರುವಾಯಿತು. ಬರೆದವಳು ಇನ್ನೂ ಅದನ್ನು ಮುಟ್ಟಿರಲಿಲ್ಲ.

ಪದ್ಮಾ ಬರೆದಳು: “ಸೋ ಸ್ವೀಟ್! ಎಂಡಿಂಗ್ ಅಂತೂ ಸೂಪರ್.” ಐದು ನಕ್ಷತ್ರ. ಒಸಾಕಾದ ಸತ್ಯನಾರಾಯಣ, ಬಳಗದ ಹಿರಿಯರು, ಬರೆದರು: “ಕೊನೆಯನ್ನು ಲೇಖಕಿ ಅತ್ಯಂತ ಹೃದ್ಯವಾಗಿ ಹೆಣೆದಿದ್ದಾರೆ.” ಐದು.

ಮೂರನೆಯದು ವಿಘ್ನೇಶನದು. ಅವಳ ಗಂಡ. ಸೆಂಡಾಯ್‌ನಲ್ಲಿ ಸಂಶೋಧಕ. ಊರು ದಾಟಬೇಡಿ ಎಂದು ಸರ್ಕಾರ ಹೇಳುತ್ತಲೇ ಇದ್ದುದರಿಂದ ನಾಲ್ಕು ತಿಂಗಳಿಂದ ಅವನ ಮುಖ ಕಂಡಿದ್ದು ಪರದೆಯ ಮೇಲೆ ಮಾತ್ರ. ಮದುವೆಯಾಗಿ ಒಂಬತ್ತು ವರ್ಷ, ಅವಳು ಬರೆದ ಒಂದು ಸಾಲನ್ನೂ ಅವನು ಓದಿದವನಲ್ಲ. ಈ ಕಾದಂಬರಿಯ ಫೈಲ್ ಕಳಿಸಿದಾಗಲೂ, “ಸ್ಕ್ರೀನ್ ಮೇಲೆ ಓದೋಕೆ ಮಜಾ ಇಲ್ಲ ಕಣೆ. ಪುಸ್ತಕ ಬರಲಿ, ಒಂದೇ ಸಿಟ್ಟಿಂಗಲ್ಲಿ ಮುಗಿಸ್ತೀನಿ” ಅಂದಿದ್ದ. ಅವನೇ ಈಗ ಬರೆದಿದ್ದ: “ಕೊನೆಯ ಪುಟ ಮಗುಚಿದಾಗ ಕಣ್ಣು ಒದ್ದೆಯಾಗಿತ್ತು.” ಅದನ್ನು ಓದಿ ನೀರಜಾ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತಳು. ಜಗತ್ತು ಏನಾದರೂ ಅಂದುಕೊಳ್ಳಲಿ, ಅವಳಿಗೆ ಬೇಕಿದ್ದ ಓದುಗ ಸಿಕ್ಕಿದ್ದ. ಆ ಸಾಲಿನ ಫೋಟೊ ಅಂದಿನಿಂದ ಅವಳ ಫೋನಿನ ಮುಖದ ಮೇಲೆ.

ಈಗ ಈ ಹರಿಪ್ರಸಾದ! ನೋಮಿಯ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಪಿಎಚ್‌ಡಿ ಮಾಡುತ್ತ ಕೂತ ಹುಡುಗ. “ಪ್ರತಿ ಪುಟವನ್ನೂ ಇಷ್ಟಪಟ್ಟು ಓದಿದೆ. ಅದಕ್ಕೇ ಸಿಟ್ಟು ಬಂತು. ಹುಡುಗಿಯನ್ನು ಏಣಿ ಹತ್ತಿಸಿ, ಕೈ ಚಾಚಿಸಿ, ಲೇಖಕಿ ಎದ್ದು ಹೋಗಿಬಿಟ್ಟಿದ್ದಾರೆ. ಎಲ್ಲರೂ ಮೆಚ್ಚಿದ ಕೊನೆ ನನಗೆ ದಕ್ಕಲಿಲ್ಲ. ತಪ್ಪು ನನ್ನದೇ ಇರಬಹುದು.”

ನೀರಜಾಳ ಮೈಯೆಲ್ಲ ಉರಿಯಿತು. ಎದ್ದು ಹೋದಳಂತೆ! ಏಣಿಯಾದ ಮೇಲೆ ಇಡೀ ಒಂದು ಅಧ್ಯಾಯ ಇದೆ. ಹೊಟ್ಟೆಕಿಚ್ಚು, ಇನ್ನೇನು? ಬಳಗದ ರಾಜ್ಯೋತ್ಸವದ ಸಂಚಿಕೆಗೆ ಅವನು ಕೊಟ್ಟ ಕಥೆಯನ್ನು ವಾಪಸು ಕಳಿಸಿದ್ದವಳು ಅವಳೇ.

ಬೆರಳು ನಿಲ್ಲಲಿಲ್ಲ. “ಏಣಿಯಿಂದ ಜಾರಿದವಳನ್ನು ರಾಜಕುಮಾರ ಪುಸ್ತಕದಿಂದ ಕೈಚಾಚಿ ಹಿಡೀತಾನೆ. ಕಪಾಟುಗಳ ನಡುವೆ ಮದುವೆ ಆಗತ್ತೆ. ಕೊನೇ ಅಧ್ಯಾಯ ಓದದೆ ಅಭಿಪ್ರಾಯ ಬರೆಯೋಕೆ ನಾಚಿಕೆ ಆಗಲ್ವಾ?”

“ಓದಿದ್ದೀನಿ ಮೇಡಂ. ಕೊನೇ ಪುಟದವರೆಗೂ. ಎರಡು ಸಲ.”

“ಹಾಗಾದ್ರೆ ಮದುವೆ ಎಲ್ಲಿ ಹೋಯ್ತು?”

“ಪುಸ್ತಕ ನಿಮಗೆ ಪೋಸ್ಟ್ ಮಾಡಿದ್ದೀನಿ. ಬರಲಿ, ನೀವೇ ನೋಡಿ.”

ಉದ್ಧಟತನ ಬೇರೆ! ಗುಂಪೆಲ್ಲ ಅವನ ಮೇಲೆ ಮುಗಿಬಿತ್ತು. ಅಂಥ ಮದುವೆಯನ್ನು ಯಾರಾದರೂ ಮರೀತಾರಾ ಎಂದಳು ಪದ್ಮಾ. ನಿಯಮ ಎಂದರೆ ನಿಯಮ ಎಂದರು ಸತ್ಯನಾರಾಯಣ. “ಓದದವರ ಜೊತೆ ಏನು ಮಾತು?” ಎಂದ ವಿಘ್ನೇಶ. ಗಂಡ ತನ್ನ ಪರ ನಿಂತ ಆ ಸಾಲನ್ನು ನೀರಜಾ ಮತ್ತೆ ಮತ್ತೆ ಓದಿದಳು.

ಹರಿಪ್ರಸಾದನನ್ನು ಅವಳೇ ತೆಗೆದುಹಾಕಿದಳು. ಲ್ಯಾಬು ಮುಚ್ಚಿದಾಗಿನಿಂದ ಈ ಗುಂಪು ಬಿಟ್ಟರೆ ಕನ್ನಡ ಆಡೋ ಜಾಗವೇ ಇಲ್ಲ ಎಂದು ಅವನು ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ಇರಲಿ, ಮಾಡಿದ್ದಕ್ಕೆ ಅನುಭವಿಸಲಿ. ತೆಗೆಯುವ ಮುಂಚೆ ಅವನು ಬರೆದಿದ್ದು ಒಂದೇ ಪದ: “ಸುಮಿಮಾಸೆನ್.” ಕ್ಷಮಿಸಿ ಅಂತೆ.

ಪುಸ್ತಕ ಬಂತು. ಮೂರು ದಿನ ಚಪ್ಪಲಿ ಗೂಡಿನ ಮೇಲೆ ಮಲಗಿತ್ತು. ಭಾನುವಾರ ಮಧ್ಯಾಹ್ನ ಎಲ್ಲರೂ ಜೂಮಿನಲ್ಲಿ ಸೇರಿದ ಮೇಲೆಯೇ ನೀರಜಾ ಲಕೋಟೆ ಒಡೆದಳು. ರೇಷ್ಮೆಸೀರೆ ಉಟ್ಟಿದ್ದಳು, ಮಲ್ಲಿಗೆ ಸಿಗದೆ ಅದೊಂದು ಬಾಕಿ.

“ಮದುವೆ ಓದು ನೀರಜಾ,” ಎಂದ ವಿಘ್ನೇಶ. “ಆ ಚಾಪ್ಟರ್ ನನಗೆ ಬಾಯಿಪಾಠ ಆಗೋಗಿದೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಏಣಿಯ ಪುಟ ಹುಡುಕಿ, ಗಂಟಲು ಸರಿಮಾಡಿಕೊಂಡು ಓದಿದಳು: “ಅವಳು ಏಣಿಯ ತುದಿಯಲ್ಲಿ ನಿಂತು ಕೈ ಚಾಚಿದಳು.” ನಗುತ್ತಲೇ ಹಾಳೆ ಮಗುಚಿದಳು.

ಹಾಳೆಯ ಹಿಂದೆ ಬರೀ ರಟ್ಟು. ಹರಿದ ಗುರುತೂ ಇಲ್ಲ, ಕೊನೆಯ ಹದಿನಾರು ಪುಟಗಳನ್ನು ಮೈಸೂರಿನ ಪ್ರೆಸ್ಸಿನವರು ಹೊಲಿದೇ ಇರಲಿಲ್ಲ.