ಪಡಿತರದ ಹಾಡು

ಈ ತಿಂಗಳೂ ಪಡಿತರದಲ್ಲಿ ತಲೆಗೆ ಐದು ಕೆಜಿ ಅಕ್ಕಿ, ಕಾರ್ಡಿಗೊಂದು ಹಾಡು. ಜಗತ್ತಿನಲ್ಲಿ ಯಾರೂ ಕೇಳದೆ ಉಳಿದ ಹಾಡುಗಳೆಲ್ಲ ಹೀಗೆ ಹರಿಹರದ ನ್ಯಾಯಬೆಲೆ ಅಂಗಡಿಗೂ ಬರುತ್ತವೆ. ತಿಂಗಳೊಳಗೆ ಯಾರೂ ಒಯ್ಯದಿದ್ದರೆ ಅಳಿಸಿಬಿಡುತ್ತಾರೆ.

ಹಾಲು ಮಾರುವ ಸಾಕಮ್ಮ ಕೊನೆಯ ದಿನ ಬಂದಾಗ ಒಂದೇ ಹಾಡು ಉಳಿದಿತ್ತು.

“ಜಾಜ್ ಐತೆ. ಅರವತ್ತು ವರ್ಷದ್ದು. ಮೂರು ಮಂದಿ ಬ್ಯಾಡ ಅಂತ ಹೋದ್ರು,” ಎಂದ ಅಂಗಡಿಯ ಕೊಟ್ರಪ್ಪ.

“ಹೋದ ತಿಂಗಳ ರಾಕ್ ಕೇಳಿ ನಮ್ಮೆಮ್ಮೆ ಅರ್ಧ ಲೀಟರ್ ಜಾಸ್ತಿ ಕೊಡ್ತು. ಇದನ್ನೂ ನೋಡಾಣ, ಹಾಕು.”

ಸ್ಯಾಕ್ಸೊಫೋನ್ ಎಳೆದೆಳೆದು ಶುರುವಾಯಿತು, ಹಿಂದೆಯೇ ಒಬ್ಬ ಹುಡುಗಿಯ ದನಿ. ಸಾಕಮ್ಮನ ಕೈ ಅಕ್ಕಿ ಚೀಲದ ಮೇಲೆ ತಾನಾಗಿಯೇ ತಾಳ ಹಾಕಿತು.

ಕೇಳಿದ ಮೇಲೆ, ಕೇಳಿದ್ದಾಯಿತೆಂದು ತಿಳಿಸಲು ಹಾಡಿದವರಿಗೊಂದು ಮಿಸ್ಡ್ ಕಾಲ್ ಕೊಡುವುದು ರಿವಾಜು. ಎರಡು ರಿಂಗಾದರೆ ಸಾಕು, ಯಾರೂ ಎತ್ತುವುದಿಲ್ಲ. ಸಾಕಮ್ಮ ಹಾಡು ಬಂದಿದ್ದ ಲಕೋಟೆಯ ಮೇಲಿನ ನಂಬರು ಒತ್ತಿದಳು.

ಮೊದಲ ರಿಂಗಿಗೇ ಎತ್ತಿದರು. “ಹಲೋ? ಹಲೋ?” ಮುದುಕಿಯ ನಡುಗುವ ದನಿ.

ಸಾಕಮ್ಮನಿಗೆ ಇಂಗ್ಲಿಷ್ ಬಾರದು. ಗಂಟಲು ಸರಿಮಾಡಿಕೊಂಡು, ಆಗಷ್ಟೇ ಕೇಳಿದ್ದ ಪಲ್ಲವಿಯನ್ನು ಗುನುಗಿದಳು.

ಆಮೇಲೆ ಸಾಕಮ್ಮ ಫೋನನ್ನು ಅಂಗೈಯಿಂದ ಮುಚ್ಚಿ ಕೂಗಿದಳು: “ಕೊಟ್ರಾ, ಓಡಿಹೋಗಿ ನನ್ನ ಫೋನಿಗೆ ಕರೆನ್ಸಿ ಹಾಕ್ಸು! ಅಜ್ಜಿ ಚರಣ ಶುರು ಮಾಡೈತೆ!”